ಹೊಸ ಶೇವಿಂಗ್ ಬ್ರಷ್ ಚುಚ್ಚುತ್ತದೆ, ನಾರುತ್ತದೆ, ನೊರೆಯೇ ಬರುವುದಿಲ್ಲ! ಹಂದಿ ಕೂದಲಿನ ಬ್ರಷ್ ಪಳಗಿಸುವುದು ಹೇಗೆ? ಫಾರ್ವರ್ಡ್‌ಗಳಲ್ಲಿ ನಿಜವೆಷ್ಟು?

ಕಾರ್ಟ್ರಿಜ್ ರೇಜರ್‌ನ ಬೆಲೆ ನೋಡಿ ಬೇಸತ್ತು, ಹಳೆಯ ಕಾಲದವರಂತೆ ಸೋಪು, ಬ್ರಷ್, ಸೇಫ್ಟಿ ರೇಜರ್ ಕಡೆಗೆ ಮರಳುವವರು ಈಗ ಸಾಕಷ್ಟಿದ್ದಾರೆ. ಆನ್‌ಲೈನ್‌ನಲ್ಲಿ 'ಬೋರ್ ಬ್ರಿಸಲ್' ಎಂದು ಬರೆದ ಬ್ರಷ್ ತರಿಸುತ್ತಾರೆ. ಮೊದಲ ದಿನ ಬಿಸಿನೀರಿಗೆ ಅದ್ದಿದ ಕೂಡಲೇ ನೆನೆದ ದನದ ಕೊಟ್ಟಿಗೆಯಂಥ ವಾಸನೆ. ಕೆನ್ನೆಗೆ ಒತ್ತಿದರೆ ತೆಂಗಿನ ನಾರಿನಿಂದ ತಿಕ್ಕಿದ ಅನುಭವ. ನೊರೆ ಒಂದು ನಿಮಿಷ ಇದ್ದು ಮಾಯ. ಜೊತೆಗೆ ನಾಲ್ಕೈದು ಕೂದಲು ಮುಖಕ್ಕೇ ಅಂಟಿಕೊಂಡಿರುತ್ತವೆ.

ಫ್ಯಾಮಿಲಿ ಗ್ರೂಪಿನಲ್ಲಿ ಈ ವಿಷಯ ಎತ್ತಿದರೆ ಸಲಹೆಗಳಿಗೆ ಬರವಿಲ್ಲ. ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಹಾಕಿ, ರೋಗಾಣು ಸಾಯುತ್ತದೆ ಅನ್ನುವವರು ಒಬ್ಬರು. ಹಂದಿ ಕೂದಲಿನ ಬ್ರಷ್‌ನಿಂದ ಆಂಥ್ರಾಕ್ಸ್ ಬರುತ್ತದೆ, ಕೂಡಲೇ ಎಸೆಯಿರಿ ಅನ್ನುವವರು ಇನ್ನೊಬ್ಬರು. 'ಬ್ರಿಸಲ್' ಎಂದು ಬರೆದಿರುವ ಎಲ್ಲ ಬ್ರಷ್‌ಗಳೂ, ಹಲ್ಲುಜ್ಜುವ ಬ್ರಷ್ ಕೂಡ, ಹಂದಿ ಕೂದಲೇ ಎಂದು ಮೂರನೆಯವರ ಸಂದೇಶ. ಇವುಗಳಲ್ಲಿ ಒಂದು ಪೂರ್ತಿ ತಪ್ಪು, ಒಂದು ಬ್ರಷ್ ಕೆಡಿಸುವ ಸಲಹೆ, ಇನ್ನೊಂದರ ಹಿಂದೆ ನೂರು ವರ್ಷ ಹಳೆಯ ಒಂದು ನಿಜವಾದ ದುರಂತವಿದೆ.

ಮೊದಲಿಗೆ, ಅದು ಹಂದಿ ಕೂದಲೇ ಹೌದೇ?

ಇಂಗ್ಲಿಷಿನ 'ಬ್ರಿಸಲ್' ಎಂಬ ಪದಕ್ಕೆ ಬಿರುಗೂದಲು ಎಂದು ಅರ್ಥ. ಒಂದು ಕಾಲದಲ್ಲಿ ಬ್ರಷ್ ಎಂದರೆ ಹೆಚ್ಚಾಗಿ ಹಂದಿಯ ಬೆನ್ನಿನ ಬಿರುಗೂದಲೇ. ಬಣ್ಣ ಬಳಿಯುವ ಬ್ರಷ್, ಬಟ್ಟೆ ಬ್ರಷ್, ಹಲ್ಲುಜ್ಜುವ ಬ್ರಷ್, ಎಲ್ಲಕ್ಕೂ ಅದನ್ನೇ ಬಳಸುತ್ತಿದ್ದರು. ನಮ್ಮ ದೇಶದಲ್ಲಿ ಕಾನ್ಪುರ ಈ ವ್ಯಾಪಾರದ ಹಳೆಯ ಕೇಂದ್ರ. ಎರಡನೇ ಮಹಾಯುದ್ಧದ ಹೊತ್ತಿಗೆ ಚೀನಾದ ಚಾಂಗ್‌ಚಿಂಗ್ ಕಡೆಯ ಕಪ್ಪು ಬಿರುಗೂದಲನ್ನು ಅಮೆರಿಕ ಯುದ್ಧಸಾಮಗ್ರಿಯ ಸಾಲಿಗೆ ಸೇರಿಸಿತ್ತು. ಹಡಗು, ವಿಮಾನಗಳಿಗೆ ಬಣ್ಣ ಬಳಿಯಲು ಬ್ರಷ್ ಬೇಕಲ್ಲ!

1938ರ ಫೆಬ್ರವರಿಯಲ್ಲಿ ಡುಪಾಂಟ್ ಕಂಪನಿಯ ನೈಲಾನ್ ಎಳೆಗಳಿಂದ ಮಾಡಿದ ಹಲ್ಲುಜ್ಜುವ ಬ್ರಷ್ ಅಮೆರಿಕದ ಮಾರುಕಟ್ಟೆಗೆ ಬಂತು. ಅಲ್ಲಿಂದ ಮುಂದೆ ಹಲ್ಲಿನ ಬ್ರಷ್‌ಗಳಿಂದ ಹಂದಿ ಕೂದಲು ಹೆಚ್ಚುಕಡಿಮೆ ಮರೆಯಾಯಿತು, ಆದರೆ ಹೆಸರು ಮಾತ್ರ ಹಾಗೇ ಉಳಿಯಿತು. ಹಾಗಾಗಿ ಇಂದಿನ ಟೂತ್‌ಬ್ರಷ್ ಪೊಟ್ಟಣದ ಮೇಲೆ 'ಸಾಫ್ಟ್ ಬ್ರಿಸಲ್ಸ್' ಎಂದಿದ್ದರೆ ಅದು ಸಾಮಾನ್ಯವಾಗಿ ನೈಲಾನ್. ಗಾಬರಿಯಾಗುವ ಅಗತ್ಯವಿಲ್ಲ. ಶೇವಿಂಗ್ ಬ್ರಷ್ ವಿಷಯ ಬೇರೆ. ಅಲ್ಲಿ ಹಂದಿ ಕೂದಲು ಇಂದಿಗೂ ಬಳಕೆಯಲ್ಲಿದೆ. ಇಟಲಿಯ ಕ್ಷೌರದಂಗಡಿಗಳಲ್ಲಿ ಅದೇ ಸಂಪ್ರದಾಯ. ಬೊಲೋನ್ಯಾ ನಗರದ ಒಮೇಗಾ ಕಂಪನಿ 1931ರಿಂದ ಇಂಥ ಬ್ರಷ್ ಮಾಡುತ್ತಿದೆ. 'ಬೋರ್' ಎಂದಾಕ್ಷಣ ಕಾಡುಹಂದಿ ಎಂದುಕೊಳ್ಳಬೇಡಿ, ಬಹುಪಾಲು ಕೂದಲು ಬರುವುದು ಸಾಕು ಹಂದಿಗಳಿಂದ.

ಪರೀಕ್ಷಿಸಬೇಕೇ? ಉದುರಿದ ಒಂದು ಕೂದಲನ್ನು ಚಿಮುಟದಲ್ಲಿ ಹಿಡಿದು ಬೆಂಕಿಗೆ ತೋರಿಸಿ. ನೈಲಾನ್ ಆದರೆ ಕರಗಿ ಗಟ್ಟಿ ಮಣಿಯಂತಾಗುತ್ತದೆ. ಪ್ರಾಣಿ ಕೂದಲಾದರೆ ಕೂದಲು ಸುಟ್ಟ ಕಮಟು ವಾಸನೆ ಬರುತ್ತದೆ, ಉಳಿದ ಕರಿ ಬೆರಳಲ್ಲಿ ತಿಕ್ಕಿದರೆ ಪುಡಿಯಾಗುತ್ತದೆ. ಇದನ್ನು ಸಿಂಕ್ ಪಕ್ಕದಲ್ಲಿ, ಮಕ್ಕಳಿಂದ ದೂರ ಮಾಡಿ. ಬೆಂಕಿಯ ಗೊಡವೆ ಬೇಡವೆಂದರೆ ಮೊಬೈಲ್ ಕ್ಯಾಮೆರಾವನ್ನು ಜೂಮ್ ಮಾಡಿ ತುದಿ ನೋಡಿ. ಹಂದಿ ಕೂದಲಿನ ತುದಿ ಹುಟ್ಟಿನಿಂದಲೇ ಎರಡು ಮೂರಾಗಿ ಸೀಳಿರುತ್ತದೆ. ಆದರೆ ಕೆಲವು ನೈಲಾನ್ ಬ್ರಷ್‌ಗಳ ತುದಿಯನ್ನೂ ಯಂತ್ರದಲ್ಲಿ ಸೀಳಿರುತ್ತಾರೆ, ಆದ್ದರಿಂದ ಖಚಿತ ಉತ್ತರ ಬೆಂಕಿಯದೇ.

ಧರ್ಮದ ಕಾರಣಕ್ಕೋ ಸಸ್ಯಾಹಾರದ ನಿಯಮಕ್ಕೋ ಪ್ರಾಣಿ ಕೂದಲು ಬೇಡ ಅನ್ನುವವರಿಗೆ ಸಿಂಥೆಟಿಕ್ ಬ್ರಷ್ ಇದೆ. ಅದನ್ನು ಪಳಗಿಸುವ ಕೆಲಸವೇ ಇಲ್ಲ, ಬೇಗ ಒಣಗುತ್ತದೆ, ಗುಣಮಟ್ಟವೂ ಈಗ ಚೆನ್ನಾಗಿದೆ. ಯಾರಾದರೂ ಮುಂಗುಸಿ ಕೂದಲಿನ ಬ್ರಷ್ ಎಂದು ಮಾರಲು ಬಂದರೆ ಮಾತ್ರ ಕೊಳ್ಳಲೇಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಆ ವ್ಯಾಪಾರವೇ ಅಪರಾಧ.

ಪಳಗುವುದು ಎಂದರೆ ಒಳಗೆ ಏನಾಗುತ್ತದೆ?

ಹೊಸ ದೋಸೆ ಕಾವಲಿಯನ್ನು ಪಳಗಿಸುವುದು ನಮಗೆಲ್ಲ ಗೊತ್ತು. ಅಲ್ಲಿ ಎಣ್ಣೆಯ ಪದರ ಕಾವಲಿಯ ಮೇಲೆ ಕೂರುತ್ತದೆ. ಬ್ರಷ್ ಪಳಗುವುದು ಇದಕ್ಕೆ ಉಲ್ಟಾ. ಇಲ್ಲಿ ಕೂದಲಿನ ಮೇಲಿದ್ದದ್ದು ಹೋಗಬೇಕು, ತುದಿ ಒಡೆಯಬೇಕು.

ಹಂದಿ ಕೂದಲು, ನಮ್ಮ ತಲೆಗೂದಲು, ಉಗುರು, ದನದ ಕೊಂಬು, ಎಲ್ಲವೂ ಕೆರಾಟಿನ್ ಎಂಬ ಪ್ರೋಟೀನಿನಿಂದ ಆದದ್ದು. ಕೂದಲಿನ ಹೊರಗೆ ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಕೂತ ಹುರುಪೆಗಳ ಪದರವಿದೆ. ಒಳಗೆ ಉದ್ದುದ್ದಕ್ಕೆ ಸಾಗುವ ನಾರುಗಳ ಕಟ್ಟು. ಹೊಸ ಬ್ರಷ್‌ನಲ್ಲಿ ಈ ಹೊರಪದರ ಗಟ್ಟಿಯಾಗಿರುತ್ತದೆ. ಅದರ ಮೇಲೆ ಜಿಡ್ಡಿನ ಉಳಿಕೆಯೂ ಇರಬಹುದು. ಹಾಗಾಗಿ ಅದು ನೀರನ್ನು ಬೇಗ ಕುಡಿಯುವುದಿಲ್ಲ, ಬಾಗುವುದೂ ಇಲ್ಲ, ಚುಚ್ಚುತ್ತದೆ.

ದಿನವೂ ನೆನೆದು, ಸೋಪು ತಾಗಿ, ಚರ್ಮಕ್ಕೆ ಉಜ್ಜಿ, ಮತ್ತೆ ಒಣಗಿ ಹೀಗೆ ಹತ್ತಾರು ಸಲ ಆದಾಗ ತುದಿಯ ಹುರುಪೆಗಳು ಸವೆಯುತ್ತವೆ. ಒಳಗಿನ ನಾರುಗಳು ಒಂದರಿಂದೊಂದು ಬಿಡಿಸಿಕೊಂಡು ಕವಲೊಡೆಯುತ್ತವೆ. ಬೇವಿನ ಕಡ್ಡಿಯ ತುದಿಯನ್ನು ಜಗಿದು ಜಗಿದು ಕುಂಚ ಮಾಡಿಕೊಳ್ಳುತ್ತಾರಲ್ಲ, ಥೇಟ್ ಹಾಗೆ. ಕಡ್ಡಿ ಗಟ್ಟಿಯಾಗಿಯೇ ಇರುತ್ತದೆ, ತುದಿ ಮಾತ್ರ ಮೆತ್ತಗೆ. ಪಳಗಿದ ಹಂದಿ ಕೂದಲಿನ ಬ್ರಷ್‌ನ ಗುಣವೂ ಇದೇ: ಬುಡ ಬಿರುಸು, ತುದಿ ಮೃದು. ತಲೆಗೂದಲಲ್ಲಿ ತುದಿ ಸೀಳಿದರೆ ನಾವು ಕತ್ತರಿಸಿ ಎಸೆಯುತ್ತೇವೆ, ಬ್ರಷ್‌ನಲ್ಲಿ ಅದೇ ದೋಷಕ್ಕಾಗಿ ತಿಂಗಳುಗಟ್ಟಲೆ ಕಾಯುತ್ತೇವೆ!

ಇನ್ನು ನೀರಿನ ಪಾತ್ರ. ಕೆರಾಟಿನ್ ಎಳೆಗಳನ್ನು ಬಿಗಿಯಾಗಿ ಹಿಡಿದಿರುವ ಬಂಧಗಳಲ್ಲಿ ಹೈಡ್ರೋಜನ್ ಬಂಧಗಳೂ ಇವೆ. ನೀರು ಹೊಕ್ಕರೆ ಅವು ಸಡಿಲವಾಗುತ್ತವೆ, ಒಣಗಿದರೆ ಮತ್ತೆ ಬಿಗಿಯುತ್ತವೆ. ಮನುಷ್ಯರ ಕೂದಲು ತನ್ನ ತೂಕದ ಸುಮಾರು 30%ರಷ್ಟು ನೀರನ್ನು ಹೀರಬಲ್ಲದು. ಆಗ ಅದರ ದಪ್ಪ 15%ರ ಆಸುಪಾಸು ಹೆಚ್ಚುತ್ತದೆ, ಉದ್ದ ಮಾತ್ರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಹಂದಿ ಕೂದಲೂ ಅದೇ ಜಾತಿಯ ವಸ್ತು. ಆದ್ದರಿಂದಲೇ ಈ ಬ್ರಷ್ಷನ್ನು ಶೇವ್‌ಗೆ ಮುಂಚೆ ನೆನೆಸಲೇಬೇಕು. ನೈಲಾನ್ ಬ್ರಷ್‌ಗೆ ಅದು ಬೇಡ. ನೆನೆಸದಿದ್ದರೆ ಕೂದಲು ತನಗೆ ಬೇಕಾದ ನೀರನ್ನು ನೊರೆಯಿಂದಲೇ ಹೀರಿಕೊಳ್ಳುತ್ತದೆ. ಮೊದಲ ವಾರ 'ನೊರೆ ನುಂಗುವ' ಬ್ರಷ್‌ನ ಗುಟ್ಟು ಇಷ್ಟೇ.

ನಿಮ್ಮ ಗಡ್ಡಕ್ಕೂ ಈ ಮಾತು ಅನ್ವಯಿಸುತ್ತದೆ. ನೆನೆದ ಗಡ್ಡ ಒಣ ಗಡ್ಡಕ್ಕಿಂತ ಸುಲಭವಾಗಿ ಕತ್ತರಿಸುತ್ತದೆ. ಬ್ರಷ್‌ನ ನಿಜವಾದ ಉಪಯೋಗ, ನನ್ನ ಪ್ರಕಾರ, ನೊರೆ ಎಬ್ಬಿಸುವ ನೆಪದಲ್ಲಿ ಗಡ್ಡಕ್ಕೆ ಎರಡು ಮೂರು ನಿಮಿಷ ನೀರು ಸಿಗುವಂತೆ ಮಾಡುವುದು. ಮುಖಕ್ಕೆ ಕೈಯಲ್ಲೇ ಕ್ರೀಮ್ ಹಚ್ಚಿ ಅಷ್ಟು ಹೊತ್ತು ಕಾದರೂ ಹೆಚ್ಚು ವ್ಯತ್ಯಾಸವಿಲ್ಲ. ಬ್ರಷ್ ಇಲ್ಲದೆ ಶೇವ್ ಸರಿಯಾಗಿ ಆಗುವುದೇ ಇಲ್ಲ ಅನ್ನುವುದು ಜಾಹೀರಾತಿನ ಮಾತು.

ಮನೆಯಲ್ಲಿ ಪಳಗಿಸುವುದು ಹೇಗೆ?

ತಂದ ದಿನ ಬ್ರಷ್ಷನ್ನು ಬೆಚ್ಚಗಿನ ನೀರಿನಲ್ಲಿ ತೊಳೆಯಿರಿ. ಸ್ವಲ್ಪ ಶಾಂಪೂ ಅಥವಾ ಮೈಸೋಪು ಹಾಕಿ ಅಂಗೈ ಮೇಲೆ ಸುತ್ತಾಡಿಸಿ, ಚೆನ್ನಾಗಿ ಜಾಲಾಡಿ. ವಾಸನೆಯ ದೊಡ್ಡ ಪಾಲು ಇಲ್ಲಿಯೇ ಹೋಗುತ್ತದೆ. ಉಳಿದದ್ದಕ್ಕೆ ಒಂದು ಹಳೆಯ ಉಪಾಯವಿದೆ. ಶೇವಿಂಗ್ ಸೋಪಿನಿಂದ ಗಟ್ಟಿ ನೊರೆ ಮಾಡಿ, ಬ್ರಷ್ ತುಂಬ ಅದನ್ನೇ ತುಂಬಿ, ರಾತ್ರಿಯಿಡೀ ಹಾಗೇ ಬಿಟ್ಟು ಬೆಳಿಗ್ಗೆ ತೊಳೆಯುವುದು. ಒಂದೆರಡು ರಾತ್ರಿ ಸಾಕು. ಅದಾದ ಮೇಲೂ ನೆನೆದಾಗ ಸಣ್ಣಗೆ ವಾಸನೆ ಬಂದರೆ ಹೆದರಬೇಡಿ, ದಿನವೂ ಬಳಸಿದರೆ ಒಂದೆರಡು ವಾರದಲ್ಲಿ ಅದೂ ಹೋಗುತ್ತದೆ. ಅತ್ತರು, ಅಗರಬತ್ತಿ ಹೊಗೆ, ಟಾಲ್ಕಂ ಪೌಡರ್ ಬೇಡ.

ಮೊದಲ ವಾರ ಮುಖಕ್ಕೆ ತಾಗಿಸದೆ ಇದ್ದರೆ ಒಳ್ಳೆಯದು, ಅದರಲ್ಲೂ ಮೊಡವೆ ಇರುವವರು, ಸೂಕ್ಷ್ಮ ಚರ್ಮದವರು. ದಿನಕ್ಕೊಂದು ಸಲ ಬೆಚ್ಚಗಿನ ನೀರಿನಲ್ಲಿ ಐದು ನಿಮಿಷ ನೆನೆಸಿ, ಅಂಗೈ ಮೇಲೆ ಅಥವಾ ಹಳೆಯ ಮಗ್‌ನಲ್ಲಿ ನೊರೆ ಮಾಡಿ, ತೊಳೆದು, ಒಣಗಿಸಿ. ಅಷ್ಟೇ. ನೆನೆಸುವಾಗ ಕೂದಲು ಮಾತ್ರ ಮುಳುಗಲಿ. ಮರದ ಹಿಡಿ ನೀರಿನಲ್ಲಿ ಕೂತರೆ ಬಿರುಕು ಬಿಡುತ್ತದೆ.

ಎರಡನೇ ವಾರದಿಂದ ಮುಖಕ್ಕೆ ಹಚ್ಚಬಹುದು. ಒತ್ತಿ ತಿಕ್ಕಬೇಡಿ, ಸುಣ್ಣ ಬಳಿದಂತೆ ಮೇಲೆ ಕೆಳಗೆ ಆಡಿಸಿ. ಸಾಮಾನ್ಯವಾಗಿ 15ರಿಂದ 30 ಸಲ ಬಳಸುವ ಹೊತ್ತಿಗೆ ತುದಿ ಮೆತ್ತಗಾಗುತ್ತದೆ. ದಿನ ಬಿಟ್ಟು ದಿನ ಶೇವ್ ಮಾಡುವವರಿಗೆ ಎರಡು ತಿಂಗಳು ಹಿಡಿಯಬಹುದು. ಸಲೂನಿನಲ್ಲಿ ಒಂದೇ ದಿನ ಇಪ್ಪತ್ತು ಮುಖ ಕಾಣುವ ಬ್ರಷ್‌ಗೆ ಇದೊಂದು ಸಮಸ್ಯೆಯೇ ಅಲ್ಲ. ಮರಳು ಕಾಗದಕ್ಕೋ ಗೋಡೆಗೋ ಉಜ್ಜಿ ಬೇಗ ಪಳಗಿಸಿ ಎನ್ನುವ ವಿಡಿಯೋಗಳಿವೆ. ಅದರಿಂದ ತುದಿ ಸೀಳುವುದಿಲ್ಲ, ಮುರಿಯುತ್ತದೆ. ಮುರಿದ ತುದಿ ಮೊದಲಿಗಿಂತ ಹೆಚ್ಚು ಚುಚ್ಚುತ್ತದೆ.

ಕೂದಲು ಉದುರುವುದೂ ಆರಂಭದಲ್ಲಿ ಸಹಜ. ಹೊಸ ಹುಲ್ಲಿನ ಪೊರಕೆ ಮೊದಲ ವಾರ ಕಸ ಗುಡಿಸುವುದಕ್ಕಿಂತ ಹೆಚ್ಚು ಕಸ ಹಾಕುವುದಿಲ್ಲವೇ? ಬುಡದ ಅಂಟಿಗೆ ಸರಿಯಾಗಿ ಸಿಕ್ಕದ ಕೂದಲು ಹೊರಬೀಳುತ್ತದೆ. ತಿಂಗಳಾದ ಮೇಲೂ ಪ್ರತಿ ಸಲ ಹತ್ತಾರು ಉದುರುತ್ತಿದ್ದರೆ ಅದು ತಯಾರಿಕೆಯ ದೋಷ, ಅಂಗಡಿಗೆ ವಾಪಸ್ ಕೊಡಿ.

ನೊರೆ ಇನ್ನೂ ನಿಲ್ಲುತ್ತಿಲ್ಲವೇ? ನಲ್ಲಿ ನೀರು ನೋಡಿ

ಎಷ್ಟೋ ಸಲ ತಪ್ಪು ಬ್ರಷ್‌ನದ್ದಲ್ಲ, ಬೋರ್‌ವೆಲ್‌ನದ್ದು. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಕರಗದ ಬಿಳಿ ಗಸಿಯಾಗುತ್ತವೆ. ಬಕೆಟ್ಟಿನ ಅಂಚಿಗೆ ಕೂರುವ ಜಿಗುಟು ಅದೇ. ಸೋಪಿನ ಒಂದು ಪಾಲು ಹೀಗೆ ವ್ಯರ್ಥವಾದ ಮೇಲೆ ಉಳಿದದ್ದರಲ್ಲಿ ನೊರೆ ಬರಬೇಕು. ಬೆಂಗಳೂರಿನ ಹೊರವಲಯ, ಕೋಲಾರ, ಚಿಕ್ಕಬಳ್ಳಾಪುರ ಮುಂತಾದ ಕಡೆ ಕೊಳವೆಬಾವಿ ನೀರು ಬಳಸುವವರಿಗೆ ಇದು ಹೊಸತೇನಲ್ಲ. ಒಂದು ದಿನ ಅದೇ ಬ್ರಷ್, ಅದೇ ಸೋಪು ಇಟ್ಟುಕೊಂಡು ಕುಡಿಯುವ ಫಿಲ್ಟರ್ ನೀರಿನಲ್ಲಿ ನೊರೆ ಮಾಡಿ ನೋಡಿ. ನೊರೆ ಗಟ್ಟಿಯಾಗಿ ನಿಂತರೆ ಬ್ರಷ್ ಬದಲಿಸುವ ಖರ್ಚು ಉಳಿಯಿತು. ಶೇವ್‌ಗೆ ಬೇಕಾದದ್ದು ಒಂದು ಲೋಟ ನೀರು ಅಷ್ಟೇ.

ಇದೇ ಗಸಿ ಬ್ರಷ್‌ನ ಬುಡದಲ್ಲೂ ಕೂರುತ್ತದೆ. ಎರಡು ಮೂರು ತಿಂಗಳಿಗೊಮ್ಮೆ, ಒಂದು ಭಾಗ ವಿನೆಗರ್‌ಗೆ ಹತ್ತು ಭಾಗ ನೀರು ಬೆರೆಸಿ, ಐದು ನಿಮಿಷ ಅದ್ದಿ ತೊಳೆದರೆ ಬಿಡುತ್ತದೆ. ವಿನೆಗರ್ ಸಲಹೆಯ ಫಾರ್ವರ್ಡ್ ಮಟ್ಟಿಗೆ ಸರಿಯೇ, ಆದರೆ ನೀರು ಬೆರೆಸದೆ ರಾತ್ರಿಯಿಡೀ ಇಡಿ ಅನ್ನುವ ಭಾಗ ಬಿಟ್ಟುಬಿಡಿ.

ಕುದಿಯುವ ನೀರಿನ ಸಲಹೆಯಂತೂ ಬ್ರಷ್‌ಗೆ ಶತ್ರು. ಕೂದಲ ಕಟ್ಟನ್ನು ಹಿಡಿಯೊಳಗೆ ಕೂರಿಸಿರುವುದು ಅಂಟಿನಿಂದ. ಹೆಚ್ಚು ಬಿಸಿಗೆ ಅದು ಸಡಿಲವಾಗುತ್ತದೆ, ಪ್ಲಾಸ್ಟಿಕ್ ಹಿಡಿ ಸೊಟ್ಟಗಾಗಬಹುದು, ಕೂದಲೂ ಪೆಡಸಾಗುತ್ತದೆ. ಕೈ ಹಾಕಿದರೆ ಹಿತವೆನಿಸುವಷ್ಟು ಬಿಸಿ ಸಾಕು.

ಆಂಥ್ರಾಕ್ಸ್ ಕಥೆ ಸುಳ್ಳಲ್ಲ, ಆದರೆ...

ಆಂಥ್ರಾಕ್ಸ್ ಎಂದರೆ ನಮ್ಮ ರೈತರಿಗೆ ನೆರಡಿ ರೋಗ ಎಂದು ಪರಿಚಿತ. ದನ, ಕುರಿ, ಕುದುರೆಗಳಿಗೆ ಬರುವ ಬ್ಯಾಕ್ಟೀರಿಯಾ ರೋಗ. ಈ ಬ್ಯಾಕ್ಟೀರಿಯಾ ಸುತ್ತ ಗಟ್ಟಿ ಕವಚ ಕಟ್ಟಿಕೊಂಡು ಬೀಜಕವಾಗಿ ಮಣ್ಣಿನಲ್ಲಿ, ಉಣ್ಣೆಯಲ್ಲಿ, ಕೂದಲಿನಲ್ಲಿ ದಶಕಗಳ ಕಾಲ ಉಳಿಯಬಲ್ಲದು. ಚರ್ಮದಲ್ಲಿ ಸಣ್ಣ ಗಾಯವಿದ್ದರೆ ಅಲ್ಲಿಂದ ಒಳಹೊಕ್ಕು, ನೋವಿಲ್ಲದ ಹುಣ್ಣಾಗಿ, ನಡುವೆ ಕಲ್ಲಿದ್ದಲಿನಂಥ ಕಪ್ಪು ಹಕ್ಕಳೆ ಕಟ್ಟುತ್ತದೆ. ಕಲ್ಲಿದ್ದಲಿಗೆ ಇರುವ ಗ್ರೀಕ್ ಪದದಿಂದಲೇ ಈ ಹೆಸರು.

ಮೊದಲ ಮಹಾಯುದ್ಧಕ್ಕೆ ಮುಂಚೆ ಶೇವಿಂಗ್ ಬ್ರಷ್‌ನ ಕೂದಲನ್ನು ಯುರೋಪಿನಲ್ಲಿ ತೊಳೆದು ಶುದ್ಧಮಾಡಿ ಅಮೆರಿಕಕ್ಕೆ ಕಳುಹಿಸುತ್ತಿದ್ದರು. 1914ರಲ್ಲಿ ಯುದ್ಧ ಶುರುವಾಗಿ ಆ ದಾರಿ ಮುಚ್ಚಿತು. ದುಬಾರಿ ಬ್ಯಾಡ್ಜರ್ ಕೂದಲಿನ ಪೂರೈಕೆ ಕುಸಿಯಿತು. ಅದರ ಜಾಗಕ್ಕೆ ಏಷ್ಯಾದಿಂದ ಬಂದ ಕುದುರೆ ಕೂದಲನ್ನು, ಬ್ಯಾಡ್ಜರ್‌ನಂತೆ ಕಾಣುವ ಹಾಗೆ ಬಣ್ಣ ಬದಲಿಸಿ, ಬ್ರಷ್ ಕಟ್ಟಿದರು. ಶುದ್ಧೀಕರಣದ ಹಂತ ಕೈಬಿಟ್ಟುಹೋಯಿತು. ಅದೇ ಹೊತ್ತಿಗೆ ಲಕ್ಷಾಂತರ ಸೈನಿಕರು ದಿನವೂ ಗಡ್ಡ ಬೋಳಿಸಬೇಕಾಗಿತ್ತು, ವಿಷಾನಿಲದ ಮುಖವಾಡ ಮುಖಕ್ಕೆ ಬಿಗಿಯಾಗಿ ಕೂರಬೇಕಲ್ಲ. ರೇಜರ್ ಮಾಡಿದ ಸಣ್ಣ ಗೀರು, ಅದರ ಮೇಲೆ ಬೀಜಕ ಅಂಟಿದ ಬ್ರಷ್. ಅಮೆರಿಕ ಮತ್ತು ಬ್ರಿಟನ್ನಿನ ಸೈನಿಕರು, ನಾಗರಿಕರು ಸೇರಿ 200ಕ್ಕೂ ಹೆಚ್ಚು ಜನರಿಗೆ ಮುಖ, ಕುತ್ತಿಗೆಯಲ್ಲಿ ಆಂಥ್ರಾಕ್ಸ್ ತಗುಲಿತು. ಆ್ಯಂಟಿಬಯಾಟಿಕ್ ಇಲ್ಲದ ಕಾಲ, ಸತ್ತವರೂ ಇದ್ದರು. ಜಪಾನಿನಿಂದ ಬಂದ ಬ್ರಷ್‌ಗಳಲ್ಲಿ ಬೀಜಕಗಳು ಸಿಕ್ಕಿದ್ದರಿಂದ 1920ರಲ್ಲಿ ಬ್ರಿಟನ್ ಅವುಗಳ ಆಮದನ್ನೇ ನಿಷೇಧಿಸಿತು.

ಎರಡು ವಿಷಯ ಗಮನಿಸಿ. ಒಂದು, ಆ ದುರಂತದ ಮುಖ್ಯ ಆರೋಪಿ ಕುದುರೆ ಕೂದಲು, ಹಂದಿಯದ್ದಲ್ಲ. ಎರಡು, ಸಮಸ್ಯೆ ಇದ್ದದ್ದು ಶುದ್ಧಮಾಡದ ಕಚ್ಚಾ ಕೂದಲಿನಲ್ಲಿ. ಇಂದು ಬಿರುಗೂದಲನ್ನು ತೊಳೆದು, ನೆಟ್ಟಗಾಗಲೆಂದು ಕಟ್ಟಿ ಕುದಿಸಿ, ಒಣಗಿಸಿ ಬಳಸುತ್ತಾರೆ. 2017ರಲ್ಲಿ ಅಮೆರಿಕದ ಸಿಡಿಸಿ ಸಂಸ್ಥೆಯ ತಜ್ಞರು ಈ ಹಳೆಯ ಪ್ರಕರಣಗಳನ್ನೆಲ್ಲ ಮತ್ತೆ ಪರಿಶೀಲಿಸಿದರು. ಹೊಸ ಬ್ರಷ್‌ಗಳಿಂದ ಅಪಾಯ ತೀರಾ ಕಡಿಮೆ, ಆದರೆ ಆ ಕಾಲದ ಹಳೆಯ ಪ್ರಾಣಿ ಕೂದಲಿನ ಬ್ರಷ್‌ಗಳ ಬಗ್ಗೆ ಎಚ್ಚರ ಇರಲಿ ಎಂದರು. ಅವನ್ನು ಮನೆಯಲ್ಲಿ ಶುದ್ಧಮಾಡುವ ಪ್ರಯತ್ನವೂ ಬೇಡ ಎಂದರು, ಏಕೆಂದರೆ ಬೀಜಕಗಳು ಸುಲಭಕ್ಕೆ ಸಾಯುವಂಥವಲ್ಲ. ಮುತ್ತಜ್ಜನ ಪೆಟ್ಟಿಗೆಯಲ್ಲಿ ಸಿಕ್ಕ, ಸಂತೆಯಲ್ಲೋ ಆನ್‌ಲೈನ್‌ನಲ್ಲೋ 'ಆ್ಯಂಟಿಕ್' ಎಂದು ಕೊಂಡ ದಂತದ ಹಿಡಿಯ ಬ್ರಷ್ಷನ್ನು ಗಾಜಿನ ಕಪಾಟಿನಲ್ಲಿಡಿ, ಕೆನ್ನೆಗೆ ಬೇಡ.

ಅಸಲಿ ಅಪಾಯ ಇರುವುದು ಹಂಚಿಕೊಳ್ಳುವುದರಲ್ಲಿ

ಹಂದಿ ಕೂದಲೋ ನೈಲಾನೋ ಎಂಬ ಚರ್ಚೆಯಲ್ಲಿ ನಾವು ಮರೆಯುವ ಮಾತಿದು. ಬ್ರಷ್ ಯಾವುದೇ ಇರಲಿ, ಇನ್ನೊಬ್ಬರ ಮುಖಕ್ಕೆ ತಾಗಿದ್ದು ನಿಮ್ಮ ಮುಖಕ್ಕೆ ಬೇಡ. ಶೇವ್ ಮಾಡುವಾಗ ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳಾಗುತ್ತವೆ. ಎರಡನೇ ಸಲ ನೊರೆ ಹಚ್ಚುವಾಗ ಅದೇ ಬ್ರಷ್ ಆ ಗೀರುಗಳ ಮೇಲೆ ಓಡಾಡುತ್ತದೆ. ಗಡ್ಡದ ಹುಳುಕಡ್ಡಿ, ಕೀವು ಗುಳ್ಳೆ, ನರುಳ್ಳೆ ಹರಡಲು ಇಷ್ಟು ಸಾಕು. ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದ ಕಲೆಯಲ್ಲೂ ಕನಿಷ್ಠ 7 ದಿನ ಜೀವಂತ ಉಳಿಯಬಲ್ಲದು. ಎಚ್‌ಐವಿ ಹಾಗಲ್ಲ, ದೇಹದ ಹೊರಗೆ ಬೇಗ ನಾಶವಾಗುತ್ತದೆ. ಫಾರ್ವರ್ಡ್‌ಗಳು ಹೆದರಿಸುವುದು ಎಚ್‌ಐವಿ ಹೆಸರಿನಲ್ಲಿ, ಹೆದರಬೇಕಾದದ್ದು ಹೆಪಟೈಟಿಸ್ ಬಿಗೆ. ಅದಕ್ಕೆ ಲಸಿಕೆ ಇದೆ, ಹಾಕಿಸಿಕೊಳ್ಳದ ದೊಡ್ಡವರು ವೈದ್ಯರನ್ನು ಕೇಳಿ.

ಸಲೂನಿನಲ್ಲಿ ಹೊಸ ಬ್ಲೇಡ್ ಹಾಕಿ ಎಂದು ಕೇಳುವುದು ಈಗ ರೂಢಿಯಾಗಿದೆ. ಬ್ರಷ್ ಬಗ್ಗೆ ಕೇಳುವವರು ಕಡಿಮೆ. "ಅಣ್ಣಾ, ಬ್ರಷ್ ಬೇಡ, ಕ್ರೀಮ್ ಕೈಯಲ್ಲೇ ಹಚ್ಚಿಬಿಡಿ" ಅಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ನೊರೆ ಬರುವ ಕ್ರೀಮ್ ಕೈಯಲ್ಲೂ ನೊರೆ ಬರುತ್ತದೆ. ಇಲ್ಲವೇ ಮನೆಯ ಬ್ರಷ್ಷನ್ನೇ ಚೀಲದಲ್ಲಿ ಒಯ್ಯಿರಿ. ಹಾಗೆಯೇ ಅಪ್ಪ, ಮಗ, ಹಾಸ್ಟೆಲಿನ ರೂಮ್‌ಮೇಟ್ ಒಂದೇ ಬ್ರಷ್ ಬಳಸುವುದೂ ಬೇಡ. ಮಧುಮೇಹ ಇರುವವರು, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧ ತೆಗೆದುಕೊಳ್ಳುವವರು ಇನ್ನಷ್ಟು ಎಚ್ಚರದಿಂದಿರಬೇಕು. ಮುಖದಲ್ಲಿ ಕೀವುಗುಳ್ಳೆ ಎದ್ದಿದ್ದರೆ ಅದು ವಾಸಿಯಾಗುವವರೆಗೆ ಬ್ರಷ್ ಬಿಡಿ, ವಾಸಿಯಾದ ಮೇಲೆ ಹೊಸದನ್ನೇ ಬಳಸಿ.

ಒಣಗಿಸುವುದು

ತೊಳೆದ ಮೇಲೆ ಬ್ರಷ್ಷನ್ನು ಮೆಲ್ಲಗೆ ಹಿಂಡಿ, ಜೋರಾಗಿ ಎರಡು ಸಲ ಕೊಡವಿ, ಒಣ ಟವೆಲ್ ಮೇಲೆ ಸವರಿ. ತಲೆಕೆಳಗಾಗಿ ನೇತುಹಾಕದಿದ್ದರೆ ಬುಡ ಕೊಳೆಯುತ್ತದೆ ಎಂದು ಹೇಳಿ ಸ್ಟ್ಯಾಂಡ್ ಮಾರುವವರಿದ್ದಾರೆ. ಚೆನ್ನಾಗಿ ಕೊಡವಿದ ಮೇಲೆ ಒಳಗುಳಿಯುವ ನೀರು ಕೂದಲುಗಳ ನಡುವಿನ ಸಂದಿಗಳಲ್ಲಿ ಹಿಡಿದು ನಿಂತಿರುತ್ತದೆ, ನೇತುಹಾಕಿದರೂ ತೊಟ್ಟಿಕ್ಕುವುದಿಲ್ಲ. ಅದು ಗಾಳಿಗೆ ಆರಬೇಕು ಅಷ್ಟೇ, ನೆಟ್ಟಗೆ ನಿಲ್ಲಿಸಿದರೂ ನಡೆಯುತ್ತದೆ. ಗಾಳಿ ಆಡುವ ಕಿಟಕಿ ಪಕ್ಕ ಇಡಿ. ಒದ್ದೆ ಬ್ರಷ್ಷನ್ನು ಮುಚ್ಚಳದ ಡಬ್ಬಿಗೆ ಹಾಕಿದರೆ, ಬಚ್ಚಲು ಮನೆಯ ಮೂಲೆಯಲ್ಲಿ ಬಿಟ್ಟರೆ ಬೂಷ್ಟು ಖಚಿತ.

ಕರಾವಳಿ, ಮಲೆನಾಡಿನವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದು ನಿಜವಾದ ತಲೆನೋವು. ಬಟ್ಟೆಯೇ ಒಣಗದ ಹವೆಯಲ್ಲಿ ನೀರು ಕುಡಿದ ಹಂದಿ ಕೂದಲು ಒಂದೇ ದಿನದಲ್ಲಿ ಆರುವುದಿಲ್ಲ. ಆ ನಾಲ್ಕು ತಿಂಗಳು ಎರಡು ಬ್ರಷ್ ಇಟ್ಟುಕೊಂಡು ಒಂದು ದಿನ ಒಂದು, ಮರುದಿನ ಇನ್ನೊಂದು ಬಳಸಬಹುದು. ಅಥವಾ ಮಳೆಗಾಲಕ್ಕೆಂದೇ ಒಂದು ಸಿಂಥೆಟಿಕ್ ಬ್ರಷ್ ಇರಲಿ. ಒಣಗಿದ ಮೇಲೂ ಬುಡದಲ್ಲಿ ಕಪ್ಪು ಚುಕ್ಕೆ, ಮುಗ್ಗಲು ವಾಸನೆ ಕಂಡರೆ ವಿನೆಗರ್‌ನಿಂದ ಉಳಿಸಲು ಹೋಗದೆ ಕಸಕ್ಕೆ ಹಾಕಿ.